ಪಂಕ್‌ನಿಂದ ಡಾರ್ಕ್ ಫೋಕ್‌ಗೆ: ಟೋನಿ ವೇಕ್‌ಫೋರ್ಡ್ ಕುರಿತು ಸ್ಪಷ್ಟನೆ

ಇಂಗ್ಲೆಂಡಿನ ಪಂಕ್ ತಂಡ ‘ಕ್ರೈಸಿಸ್’ ಒಡೆದ ಕೂಡಲೇ ಅದರ ಬೇಸ್ ವಾದಕ ಟೋನಿ ವೇಕ್‌ಫೋರ್ಡ್ ಅವರು ಅಕೂಸ್ಟಿಕ್ ಗಿಟಾರ್ ಹಿಡಿದು ಡಾರ್ಕ್ ಫೋಕ್‌ಗೆ, ಅಂದರೆ ವಿಷಾದದ ಛಾಯೆಯ ಜಾನಪದ ಶೈಲಿಯ ಸಂಗೀತಕ್ಕೆ, ಹೊರಳಿದರೆಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. 1977ರಲ್ಲಿ ಹುಟ್ಟಿ, ಜನಾಂಗೀಯವಾದ ವಿರೋಧಿ ಸಂಗೀತ ಚಳವಳಿ ‘ರಾಕ್ ಅಗೇನ್ಸ್ಟ್ ರೇಸಿಸಂ’ನ ವೇದಿಕೆಗಳಲ್ಲಿ ನುಡಿಸಿದ ಆ ಎಡಪಂಥೀಯ ತಂಡ 1980ರಲ್ಲಿ ನಿಂತಿತು. ವೇಕ್‌ಫೋರ್ಡ್ ಅವರ ಡಾರ್ಕ್ ಫೋಕ್ ತಂಡ ‘ಸೋಲ್ ಇನ್ವಿಕ್ಟಸ್’ ಆರಂಭವಾದದ್ದು 1987ರಲ್ಲಿ.

ಈ ನಡುವಿನ ವರ್ಷಗಳನ್ನು ಬಿಟ್ಟುಬಿಟ್ಟರೆ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. 1981ರಲ್ಲಿ ಅವರು ಕ್ರೈಸಿಸ್‌ನ ಸಂಗಾತಿ ಡಗ್ಲಸ್ ಪಿಯರ್ಸ್ ಹಾಗೂ ಪ್ಯಾಟ್ರಿಕ್ ಲೀಗಸ್ ಅವರೊಡನೆ ‘ಡೆತ್ ಇನ್ ಜೂನ್’ ಕಟ್ಟಿದರು. ಆ ತಂಡದ 1983ರ ಮೊದಲ ಆಲ್ಬಂ ಅನ್ನು ಗಮನವಿಟ್ಟು ಕೇಳಿದರೆ, ರಾಗವನ್ನು ಬೇಸ್ ಗಿಟಾರ್ ಹೊತ್ತು ಸಾಗುವುದೂ ಡ್ರಮ್‌ಗಳು ಸೇನಾ ನಡಿಗೆಯಂತೆ ಬಡಿಯುವುದೂ ಸ್ಪಷ್ಟವಾಗಿ ಕೇಳಿಸುತ್ತವೆ; ಅದು ಪಂಕ್‌ನ ಬೆನ್ನಿಗೆ ಬಂದ ಪೋಸ್ಟ್-ಪಂಕ್ ಸಂಗೀತವೇ ಹೊರತು ಫೋಕ್ ಅಲ್ಲ.

ಎಂಬತ್ತರ ದಶಕದ ಮೊದಲ ಭಾಗದಲ್ಲಿ ಅವರು ತೀವ್ರ ಬಲಪಂಥೀಯ ‘ನ್ಯಾಷನಲ್ ಫ್ರಂಟ್’ ಪಕ್ಷ ಸೇರಿದ್ದರು. ಅವರನ್ನು ಮೆಚ್ಚುವವರು ಇದನ್ನೂ ಮರೆಮಾಚಬಾರದು. ಆ ನಿರ್ಧಾರಕ್ಕಾಗಿ ಮುಂದೆ ಅವರೇ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. 1984ರಲ್ಲಿ ಅವರು ‘ಡೆತ್ ಇನ್ ಜೂನ್’ನಿಂದ ಹೊರಬಿದ್ದರು. ಅಕೂಸ್ಟಿಕ್ ಗಿಟಾರ್ ಅವರ ಸಂಗೀತದ ಕೇಂದ್ರಕ್ಕೆ ಬಂದದ್ದು ಇದೆಲ್ಲದರ ನಂತರ, ‘ಸೋಲ್ ಇನ್ವಿಕ್ಟಸ್’ನಲ್ಲಿ.