ಜಾಗ ನಮ್ಮದು, ಹೊಳೆ ಯಾರದು?

ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಜಮ್ಮಾ ಬಾಣೆಯ, ಅಂದರೆ ಮನೆತನಗಳಿಗೆ ಪರಂಪರೆಯಿಂದ ಬಂದ ಜಾಗದ, ಮಾತು ಬಂತೆಂದರೆ ಈ ಸಾಲು ಬಂದೇ ಬರುತ್ತದೆ: "ಜಾಗ ನಮ್ಮ ಕೈಯಲ್ಲಿ ಇರೋವರೆಗೆ ಕಾಡೂ ಉಳಿಯುತ್ತೆ, ನೀರೂ ಉಳಿಯುತ್ತೆ. ಹೊರಗಿನವರ ಕೈಗೆ ಹೋಯ್ತೋ, ಮುಗೀತು." ಇದರಲ್ಲಿ ಅರ್ಧ ನಾನೂ ಒಪ್ಪುತ್ತೇನೆ. ಉಳಿದ ಅರ್ಧಕ್ಕಾಗಿ ಈ ಬರಹ. ಅದಕ್ಕೆ ಮೇಘಾಲಯದ ಕಲ್ಲಿದ್ದಲು ಗಣಿಗಳವರೆಗೆ ಹೋಗಿ ಬರಬೇಕು. ಉದ್ದ ಇದೆ, ಕರೆಂಟ್ ಇರುವಾಗ ಓದಿ.

ಕಲ್ಲಿದ್ದಲು ಗಣಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಧನ್‌ಬಾದ್ ಪಕ್ಕದ ಝರಿಯಾ. 1916ರಿಂದ ನೆಲದಡಿ ಉರಿಯುತ್ತಿರುವ ಬೆಂಕಿ, ಬಿರುಕು ಬಿಟ್ಟ ಗೋಡೆ, ಹೊಗೆಯಾಡುವ ಅಂಗಳ. ಇಲ್ಲವೇ ಛತ್ತೀಸಗಢದ ಹಸ್‌ದೇವ್ ಕಾಡು. ಅದನ್ನು ಉಳಿಸಿ ಎಂದು ಅಲ್ಲಿನ ಆದಿವಾಸಿಗಳು 2021ರ ಅಕ್ಟೋಬರಿನಲ್ಲಿ ರಾಯ್‌ಪುರದವರೆಗೆ ಸುಮಾರು 300 ಕಿಲೋಮೀಟರ್ ನಡೆದರು. ಎರಡೂ ಕಡೆ ಯಾರ ಮೇಲೆ ಸಿಟ್ಟಾಗಬೇಕು ಎನ್ನುವುದು ಗೊತ್ತಿರುತ್ತದೆ. ಮೇಲೆ ಸರ್ಕಾರ ಮತ್ತು ಕಂಪನಿ, ಕೆಳಗೆ ಊರಿನವರು. ಓದಿ, ಬೈದು, ಮಲಗಬಹುದು.

ಮೇಘಾಲಯದ ಜೈಂತಿಯಾ ಬೆಟ್ಟದ ವಿಷಯ ಹಾಗಲ್ಲ. ಅಲ್ಲಿ ಗುಂಡಿ ತೋಡಿಸಿದ್ದು ಜಾಗದ ಯಜಮಾನರೇ.

ಆ ಸೀಮೆಗೂ ನಮಗೂ ಇರುವ ಹೋಲಿಕೆ ನೋಡಿದರೆ ಸ್ವಲ್ಪ ಇರುಸುಮುರುಸಾಗುತ್ತದೆ. ಬೆಟ್ಟ, ಜಡಿಮಳೆ, ಬೆಟ್ಟದ ಸಂದಿಯಲ್ಲಿ ಭತ್ತದ ಗದ್ದೆ. ಭೂಮಿ ಕುಲದ್ದು, ಊರಿನದ್ದು, ಇಲ್ಲವೇ ಮನೆತನದ್ದು. ನಮ್ಮ ದೇವರಕಾಡಿನಂತೆ ಮೇಘಾಲಯದಲ್ಲೂ ಕೊಡಲಿ ತಾಗಿಸಬಾರದ ಕಾಡುಗಳಿವೆ. ಜೋವಾಯ್ ಪಟ್ಟಣವನ್ನು ಬಳಸಿ ಹರಿಯುವ ಮಿಂಟ್ಡು ನದಿಯನ್ನು ಅಲ್ಲಿನ ಪ್ನಾರ್ ಜನ ಊರು ಕಾಯುವ ದೇವಿ ಎಂದು ಪೂಜಿಸುತ್ತಾರೆ. ತುಲಾ ಸಂಕ್ರಮಣದಂದು ತಲಕಾವೇರಿಗೆ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನೂ ಅವರ ಕಡೆಗೇ ಇತ್ತು. ದೇಶದ ಉಳಿದ ಕಡೆ 1973ರ ಹೊತ್ತಿಗೆ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣವಾದವು. ಮೇಘಾಲಯದ್ದು ಸಂವಿಧಾನದ ಆರನೇ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶ. ಅಲ್ಲಿ ನೆಲ ಯಾರದೋ ನೆಲದಡಿಯ ಕಲ್ಲಿದ್ದಲೂ ಅವರದೇ ಎಂಬ ರೂಢಿ ನಡೆದುಕೊಂಡು ಬಂತು. ಹೊರಗಿನವರಿಗೆ ಜಾಗ ಮಾರುವುದಕ್ಕೂ ನಿರ್ಬಂಧ. ನಮ್ಮ ಗುಂಪುಗಳಲ್ಲಿ ಯಾವ ರಕ್ಷಣೆಗಾಗಿ ಹಗಲೂ ರಾತ್ರಿ ಫಾರ್ವರ್ಡ್ ಓಡಾಡುತ್ತವೋ, ಅದರಲ್ಲಿ ಬಹುಪಾಲು ಅವರ ಬಳಿ ಇತ್ತು.

ಅದನ್ನು ಇಟ್ಟುಕೊಂಡು ಏನು ಮಾಡಿದರು ನೋಡಿ. ಅಲ್ಲಿನ ಕಲ್ಲಿದ್ದಲಿನ ಪದರ ತೆಳು. ಹಲವು ಕಡೆ ಮನುಷ್ಯ ನೆಟ್ಟಗೆ ನಿಲ್ಲುವಷ್ಟೂ ಎತ್ತರವಿಲ್ಲ. ಮೊದಲು ಚೌಕಾಕಾರದ ಆಳದ ಗುಂಡಿ, ಅದರ ತಳದಿಂದ ಪದರ ಹೋದ ದಿಕ್ಕಿಗೆ ಅಡ್ಡ ಸುರಂಗ. ಆಧಾರಕ್ಕೆ ಕಂಬ ಅಪರೂಪ, ಗಾಳಿಗೆ ದಾರಿ ಇಲ್ಲ, ನಕ್ಷೆಯಂತೂ ಇಲ್ಲವೇ ಇಲ್ಲ. ಇಲಿಬಿಲ ಗಣಿ ಅನ್ನುತ್ತಾರೆ. ಒಳಗೆ ಹೋಗುವವನು ಮಲಗಿಯೋ ಮಂಡಿಯೂರಿಯೋ ಅಗೆದು, ತುಂಬಿದ ತಳ್ಳುಗಾಡಿಯನ್ನು ಗುಂಡಿಯ ಬಾಯಿಗೆ ತರಬೇಕು. ಅಲ್ಲಿಂದ ಕ್ರೇನು ಎತ್ತುತ್ತದೆ. ದಿನಗೂಲಿ ಅಲ್ಲ, ತಂದಷ್ಟಕ್ಕೆ ಕಾಸು.

ಹೋಗುವವರು ಯಾರು? ಯಜಮಾನನ ಮಕ್ಕಳಂತೂ ಅಲ್ಲ. ಅಸ್ಸಾಮಿನವರು, ನೇಪಾಳದವರು. ಈಗ ನಮ್ಮ ತೋಟಗಳ ಕೂಲಿಯವರ ಲೈನ್‌ಮನೆಗಳಲ್ಲೂ ಅಸ್ಸಾಮಿನವರೇ ತುಂಬಿದ್ದಾರಲ್ಲ. ನಮ್ಮಲ್ಲಿರುವ ಒಬ್ಬ ಹುಡುಗ ಕಾಫಿ ಕೆಲಸಕ್ಕೆ ಬರುವ ಮುಂಚೆ ಜೈಂತಿಯಾದಲ್ಲಿ ಗಾಡಿ ಎಳೆದವನು. ಎಷ್ಟೇ ಎತ್ತರದ ಸಿಲ್ವರ್ ಮರವಾದರೂ ಏಣಿ ಚಾಚಿ ಕರಿಮೆಣಸು ಕುಯ್ಯುತ್ತಾನೆ. ಬಾವಿಯ ಹೂಳು ತೆಗೆಯಲು ಇಳಿ ಎಂದರೆ ಮಾತ್ರ ಕದಲುವುದಿಲ್ಲ. "ಅಣ್ಣ, ಮೇಲೆ ಎಲ್ಲಿ ಬೇಕಾದ್ರೂ ಹತ್ತುತೀನಿ, ಕೆಳಗೆ ಬೇಡ" ಅಂದ. ಮೊದಮೊದಲು ಸೋಮಾರಿತನ ಇರಬೇಕು ಅಂತ ಲೈನಿನ ಉಳಿದವರು ನಗುತ್ತಿದ್ದರು. ಒಂದು ಸಂಜೆ ಅವನೇ ಆ ಸುರಂಗದ ವಿಷಯ ಹೇಳಿದ. ಆಮೇಲೆ ಯಾರೂ ನಗಲಿಲ್ಲ.

2018ರ ಡಿಸೆಂಬರ್ 13ರಂದು ಕ್ಸಾನ್ ಎಂಬಲ್ಲಿ ಇಂಥದ್ದೇ ಗಣಿಗೆ ನೀರು ನುಗ್ಗಿ 15 ಮಂದಿ ಒಳಗೇ ಉಳಿದರು. ಪಕ್ಕದಲ್ಲೇ ಲಿಟೈನ್ ನದಿ. ನೌಕಾಪಡೆಯ ಮುಳುಗುಗಾರರು ಬಂದರು, ಭಾರೀ ಪಂಪುಗಳು ಬಂದವು. ಹೆಚ್ಚಿನವರ ಶವವೂ ಸಿಗಲಿಲ್ಲ. ಆ ಆಗಸ್ಟಿನಲ್ಲಷ್ಟೇ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಮಣ್ಣಿನಡಿ ನಮ್ಮವರನ್ನು ಹುಡುಕಿದ್ದ ನಮಗೆ ಆ ಸುದ್ದಿ ಟಿವಿಯಲ್ಲಿ ಬಂದಾಗ ಚಾನೆಲ್ ಬದಲಾಯಿಸುವಷ್ಟು ಆಯಾಸ. ಅದು ತಪ್ಪು ಅಂತ ಹೇಳುತ್ತಿಲ್ಲ. 2025ರ ಜನವರಿಯಲ್ಲಿ ಅಸ್ಸಾಮಿನ ಉಮ್ರಾಂಗ್ಸೋದಲ್ಲಿ ಅದೇ ಬಗೆಯ ಗಣಿಗೆ ಅದೇ ಥರ ನೀರು ನುಗ್ಗಿ 9 ಮಂದಿ ಸತ್ತರು.

ಆದರೆ ನನ್ನ ತಲೆಯಲ್ಲಿ ಹೆಚ್ಚು ಕೂತಿರುವುದು ಹೊಳೆಯ ಸಂಗತಿ.

ಜೈಂತಿಯಾದ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಕಲ್ಲಿನ ಜೊತೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಸೇರಿಕೊಂಡಿರುತ್ತದೆ. ನೆಲದೊಳಗೆ ಮುಚ್ಚಿಕೊಂಡು ಬಿದ್ದಿರುವವರೆಗೆ ಅದರಿಂದ ತೊಂದರೆ ಇಲ್ಲ. ಅಗೆದು ಗಾಳಿ ತಾಗಿಸಿ, ಮೇಲೆ ಮಳೆ ಸುರಿಸಿದಿರೋ, ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಗುಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ. ಹೊಳೆಯ ಕಲ್ಲಿಗೆಲ್ಲ ಕೆಂಪು-ಕಿತ್ತಳೆ ಕಿಟ್ಟ ಹಿಡಿಯುತ್ತದೆ. ಲುಖಾ ನದಿ ಚಳಿಗಾಲದಲ್ಲಿ ಕಡುನೀಲಿಯಾಗುತ್ತದೆ. ಪಟ ನೋಡಿದವರು "ಎಂಥಾ ಚಂದ" ಅನ್ನುತ್ತಾರೆ. ಆ ನೀಲಿ ನೀರಿನಲ್ಲಿ ಮೀನಿಲ್ಲ. ಗದ್ದೆಗೆ ಅಂಥ ನೀರು ಹಾಯಿಸಿದವರ ಭತ್ತವೂ ಸೊರಗಿತು. ಗಣಿ ನಿಲ್ಲಿಸಿದ ಮಾತ್ರಕ್ಕೆ ಆಮ್ಲ ನಿಲ್ಲುವುದಿಲ್ಲ ಎನ್ನುವುದು ಇದರ ಇನ್ನೊಂದು ಕರ್ಮ. ತೆರೆದ ಗುಂಡಿ, ಹೊರಗೆ ಸುರಿದ ರಾಶಿ ಅಲ್ಲೇ ಬಿದ್ದಿರುತ್ತವೆ, ಪ್ರತಿ ಮಳೆಗೂ ಅಷ್ಟಷ್ಟು ಬಿಡುತ್ತಲೇ ಇರುತ್ತವೆ.

ಇದೇ ಬೆಟ್ಟಗಳ ನೀರು ಹೊತ್ತು ಅಸ್ಸಾಮಿಗೆ ಇಳಿಯುವ ಕೊಪಿಲಿ ನದಿಗೆ ಜಲವಿದ್ಯುತ್ ಯೋಜನೆ ಇದೆ. ಹುಳಿ ನೀರು ಅದರ ಯಂತ್ರಗಳ ಕಬ್ಬಿಣವನ್ನೇ ತಿಂದಿತು. ಮೀನು ಸತ್ತಾಗ ಬಾರದವರು ಟರ್ಬೈನ್ ಸವೆದಾಗ ಓಡಿ ಬಂದರು. ಇರಲಿ.

2014ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೇಘಾಲಯದ ಇಲಿಬಿಲ ಗಣಿಗಾರಿಕೆಯನ್ನು ನಿಷೇಧಿಸಿತು. ಅರ್ಜಿ ಹಾಕಿದ್ದು ಯಾರು ಎಂಬುದನ್ನು ದಯವಿಟ್ಟು ಗಮನಿಸಿ: ನದಿಯ ಕೆಳಗಡೆ, ಅಸ್ಸಾಮಿನ ದಿಮಾ ಹಸಾವ್ ಜಿಲ್ಲೆಯಲ್ಲಿರುವ ದಿಮಾಸಾ ವಿದ್ಯಾರ್ಥಿ ಸಂಘ. ಅವರಿಗೆ ಮೇಲಿನ ಬೆಟ್ಟದಲ್ಲಿ ಗೇಣು ಜಾಗವಿಲ್ಲ. ಅಲ್ಲಿಂದ ಇಳಿದು ಬರುವ ನೀರು ಮಾತ್ರ ಅವರ ಪಾಲಿಗಿತ್ತು.

ನಿಷೇಧದಿಂದ ಗಣಿ ನಿಂತಿತೇ ಎಂದರೆ, ಕ್ಸಾನ್ ದುರಂತ ನಡೆದದ್ದು ನಿಷೇಧದ ನಾಲ್ಕು ವರ್ಷದ ಮೇಲೆ. ಈಗಾಗಲೇ ತೆಗೆದಿಟ್ಟ ರಾಶಿಯನ್ನು ಸಾಗಿಸುತ್ತೇವೆ ಎಂಬ ನೆಪದಲ್ಲಿ ಹೊಸದೂ ಲಾರಿ ಹತ್ತುತ್ತಿತ್ತು. ಅಕ್ರಮ ಸಾಗಣೆಯನ್ನು ಪತ್ತೆ ಹಚ್ಚಲು ಹೋದ ಆಗ್ನೆಸ್ ಖರ್ಶಿಂಗ್ ಮತ್ತು ಅಮಿತಾ ಸಂಗ್ಮಾ ಎಂಬ ಹೋರಾಟಗಾರ್ತಿಯರ ಮೇಲೆ 2018ರ ನವೆಂಬರಿನಲ್ಲಿ ಗುಂಪೊಂದು ಮಾರಣಾಂತಿಕ ಹಲ್ಲೆ ಮಾಡಿತು. 2019ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಆ ರಾಜ್ಯದ ಮೇಲೆ ಹಸಿರು ನ್ಯಾಯಮಂಡಳಿ ಹೇರಿದ್ದ 100 ಕೋಟಿ ರೂಪಾಯಿಯನ್ನು ಪರಿಸರ ಸರಿಪಡಿಸಲು ಕಟ್ಟಿಸಿತು. ಅದೇ ತೀರ್ಪಿನಲ್ಲಿ, ಕಲ್ಲಿದ್ದಲು ಜಾಗದವರದ್ದೇ ಹೌದು, ಆದರೆ ಗುತ್ತಿಗೆ ಮತ್ತು ಪರಿಸರದ ಅನುಮತಿ ಇಲ್ಲದೆ ತೆಗೆಯುವಂತಿಲ್ಲ ಎಂದಿತು. ನನಗೆ ನ್ಯಾಯವಾಗಿ ಕಂಡ ಮಾತು. ಒಡೆತನವನ್ನು ಕಿತ್ತುಕೊಳ್ಳಲಿಲ್ಲ, ಒಡೆತನ ಇದ್ದರೆ ಏನು ಬೇಕಾದರೂ ಮಾಡಬಹುದು ಎನ್ನುವುದನ್ನೂ ಒಪ್ಪಲಿಲ್ಲ.

ಜೈಂತಿಯಾದವರನ್ನು ದುಷ್ಟರೆಂದು ನಾನು ಹೇಳುತ್ತಿಲ್ಲ. ಬೇರೆ ಆದಾಯವಿಲ್ಲದ ಬೆಟ್ಟದಲ್ಲಿ ಹಣ ಬಂದಾಗ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ನಾವು ಕಾಫಿಗೆ ರೇಟು ಬಂದ ವರ್ಷ ಏನು ಮಾಡುತ್ತೇವೋ ಅದನ್ನೇ. ಆದರೆ ಕಲ್ಲಿದ್ದಲಿನ ಆಸೆಗೆ ಸಮುದಾಯದ ಜಾಗಗಳು ಒಂದೊಂದಾಗಿ ಖಾಸಗಿ ಹೆಸರಿಗೆ ಜಾರಿದವು. ಜಾಗವಿಲ್ಲದ ಸ್ವಂತ ಜನರೇ ಹುಳಿ ಹೊಳೆಯ ದಡದಲ್ಲಿ ಉಳಿದರು. "ನಮ್ಮದು" ಅನ್ನುವುದರೊಳಗೆ ಯಾರೆಲ್ಲ ಇದ್ದಾರೆ ಅಂತ ಲೆಕ್ಕ ಹಾಕಿದರೆ, ಕೊನೆಗೆ ಉಳಿದದ್ದು ಕೆಲವೇ ಕೆಲವು ಮನೆಗಳು.

ಕೊಡಗಿನಲ್ಲಿ ಕಲ್ಲಿದ್ದಲು ಇಲ್ಲ, ನಮ್ಮ ಬಂಡೆ ಅದಕ್ಕಿಂತ ಎಷ್ಟೋ ಹಳೆಯದು. ಇದ್ದಿದ್ದರೆ ನಾವು ಏನು ಮಾಡುತ್ತಿದ್ದೆವು ಎಂಬುದಕ್ಕೆ ಮಾತ್ರ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2018ರ ಕುಸಿತದ ನಂತರ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದೂ ಕಾರಣ ಎಂದರು. ಆ ಇಳಿಜಾರುಗಳನ್ನು ಕಡಿಸಿದವರೆಲ್ಲ ಹೊರಗಿನವರೇ? ಹೋಂಸ್ಟೇಗೆ ಜಾಗ ಸಮತಟ್ಟು ಮಾಡಿಸಲು ಜೆಸಿಬಿಗೆ ಫೋನು ಹೋದದ್ದು ಎಷ್ಟೋ ಕಡೆ ನಮ್ಮ ಮನೆಗಳಿಂದಲೇ. ಸರ್ವೆ ದಾಖಲೆಯಲ್ಲಿ ಇರುವಷ್ಟು ದೇವರಕಾಡು ನೆಲದ ಮೇಲೆ ಇಲ್ಲ ಎಂಬುದೂ ಎಲ್ಲರಿಗೂ ಗೊತ್ತು, ಅಂಚು ಒತ್ತಿದ ಬೇಲಿ ಯಾರದೆಂಬುದೂ ಗೊತ್ತು, ಹಬ್ಬದ ದಿನ ಯಾರೂ ಆ ಮಾತು ಎತ್ತುವುದಿಲ್ಲ.

ಹೊರಗಿನಿಂದ ಬಂದ ಪೆಟ್ಟಿಲ್ಲ ಎಂದಲ್ಲ. ಕೇರಳಕ್ಕೆ ಕರೆಂಟ್ ಒಯ್ಯುವ ಮೈಸೂರು–ಕೋಝಿಕ್ಕೋಡ್ 400 ಕೆವಿ ಲೈನಿಗೆ ನಮ್ಮ ಜಿಲ್ಲೆಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮರ ಉರುಳಿದವು. ಅದನ್ನು ವಿರೋಧಿಸಿದ್ದು ಸರಿಯೇ. ಆಗ ನಾವು ದಿಮಾಸಾ ಹುಡುಗರ ಜಾಗದಲ್ಲಿ ನಿಂತಿದ್ದೆವು. ಕಾವೇರಿಯ ವಿಷಯಕ್ಕೆ ಬಂದರೆ ನಾವು ನಿಂತಿರುವುದು ಜೈಂತಿಯಾದವರ ಜಾಗದಲ್ಲಿ, ಹೊಳೆಯ ತಲೆಯಲ್ಲಿ. "ಬೆಂಗಳೂರಿನವರು ಕುಡಿಯೋದು ನಮ್ಮ ನೀರು" ಎಂದು ಹೆಮ್ಮೆಯಿಂದ ಹೇಳುತ್ತೇವೆ. ಕುಶಾಲನಗರದಲ್ಲಿ ಇದೇ ನೀರು ಕುಡಿಯುವವರು ನಮ್ಮವರೇ ಎನ್ನುವುದು ಆ ಮಾತಿನಲ್ಲಿ ಬರುವುದೇ ಇಲ್ಲ.

ಅರೇಬಿಕಾ ಕೊಯ್ಲಿನ ಹೊತ್ತಿಗೆ, ಡಿಸೆಂಬರ್–ಜನವರಿಯಲ್ಲಿ, ಸುಂಟಿಕೊಪ್ಪ, ಮಾದಾಪುರ, ಸೋಮವಾರಪೇಟೆ ಕಡೆಯ ತೋಡುಗಳ ಬಳಿ ನಿಂತು ನೋಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ, ಅಂದರೆ ಪಲ್ಪರಿನ, ನೀರು ಕಪ್ಪಗೆ, ವಾಸನೆ ಹೊತ್ತು ಇಳಿಯುವುದನ್ನು ಕಂಡೇ ಕಾಣುತ್ತೀರಿ. ಹಣ್ಣಿನ ಲೋಳೆ ಕೊಳೆತು ಆ ನೀರೂ ಹುಳಿಯಾಗುತ್ತದೆ, ನೀರಿನ ಆಮ್ಲಜನಕ ತಿನ್ನುತ್ತದೆ. ಗಣಿಯ ಆಮ್ಲಕ್ಕೆ ಇದನ್ನು ಸಮ ಮಾಡುತ್ತಿಲ್ಲ. ಇದು ಒಂದು ಕೊಯ್ಲಿನದ್ದು, ಅದು ತಲೆಮಾರುಗಳದ್ದು. ಹೊಂಡ ತೋಡಿ, ಸುಣ್ಣ ಹಾಕಿ ಸಂಸ್ಕರಿಸುವ ತೋಟಗಳೂ ಇವೆ. ಮಾಡದವರನ್ನು ಕೇಳಿದರೆ ಬರುವ ಉತ್ತರ ಮಾತ್ರ ಜೈಂತಿಯಾದ್ದೇ: "ನನ್ನ ತೋಟ, ನನ್ನ ಪಲ್ಪರು, ನಿಮಗೇನು?" ಕೆಳಗಿನ ಗದ್ದೆಯವನಿಗೆ ಏನು ಎಂಬುದನ್ನು ಅವನನ್ನೇ ಕೇಳಬೇಕು. ಅವನು ಹೇಳುವುದಿಲ್ಲ, ಯಾಕೆಂದರೆ ಮದುವೆ ಮುಂಜಿಗೆ ಮುಖ ನೋಡಬೇಕಾದ ನೆಂಟ.

ಈ ಸಲ ಪಲ್ಪಿಂಗ್ ಶುರುವಾಗುವ ಮುಂಚೆ ನಮ್ಮ ತೋಡಿನ ನೀರಿನ ಪಿಎಚ್ (ನೀರು ಎಷ್ಟು ಹುಳಿ ಎಂಬ ಅಳತೆ) ಅಳೆದು ಬರೆದಿಡೋಣ, ಕೊಯ್ಲಿನ ಮಧ್ಯೆ ಮತ್ತೆ ಅಳೆದು ಎರಡನ್ನೂ ಗ್ರಾಮಸಭೆಯ ಮುಂದಿಡೋಣ ಎಂದು ನಾವು ನಾಲ್ಕಾರು ಮನೆಯವರು ಮಾತಾಡಿಕೊಂಡಿದ್ದೇವೆ. ಮೇಲಿನ ತೋಟದವರಲ್ಲಿ ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಗೇಟಿನಲ್ಲೇ ಮಾತು ಮುಗಿಸಿದರು. ಹಟ್ಟಿಹೊಳೆ, ಮಾದಾಪುರ ಭಾಗದ ಗದ್ದೆಯವರು ಯಾರಾದರೂ ಸೇರುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಹೆಸರು ಹಾಕುವುದು ಬೇಡ ಎಂದರೆ ಹಾಕುವುದಿಲ್ಲ. ನೀರು ತೆಗೆದ ಜಾಗ, ತಾರೀಖು, ಅಳತೆ ಅಷ್ಟಿದ್ದರೆ ಸಾಕು.