ಪರದೇಶಿಗೆ ಚರ್ಚಿನ ಬಾಗಿಲು: ಪರ-ವಿರೋಧ

ಪ್ರಶ್ನೆ: ದಾಖಲೆಪತ್ರಗಳಿಲ್ಲದೆ ಅಮೆರಿಕದಲ್ಲಿ ಬದುಕುತ್ತಿರುವ ವಲಸಿಗರ ಪರವಾಗಿ ಅಲ್ಲಿನ ಚರ್ಚುಗಳು ಕಾನೂನು ಬದಲಿಸಲು ಹೋರಾಡುವುದು ಸರಿಯೇ?

ಪರ

ಕನ್ನಡ ಬೈಬಲಿನಲ್ಲಿ ಹೊರನಾಡಿನಿಂದ ಬಂದವನನ್ನು ಪರದೇಶಿ ಎನ್ನುತ್ತಾರೆ. ಹೇಳುವವರು ಕೇಳುವವರು ಯಾರೂ ಇಲ್ಲದ ಮನುಷ್ಯನಿಗೂ ನಮ್ಮ ಬೀದಿಮಾತಿನಲ್ಲಿ ಇದೇ ಪದ. ಈ ಎರಡೂ ಅರ್ಥಗಳು ಒಬ್ಬನೇ ಮನುಷ್ಯನಲ್ಲಿ ಕೂಡಿ ಬಂದದ್ದನ್ನು ಅರಿಜೋನಾದ ಟ್ಯೂಸಾನ್ ಊರಿನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು 1980ರ ದಶಕದ ಆರಂಭದಲ್ಲಿ ಕಣ್ಣಾರೆ ಕಂಡಿತು.

ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದ ಅಂತರ್ಯುದ್ಧಗಳಿಂದ ಜೀವ ಉಳಿಸಿಕೊಂಡು ಜನ ಮರುಭೂಮಿ ದಾಟಿ ಬರುತ್ತಿದ್ದರು. ಸಾಲ್ವಡಾರ್ ಸರ್ಕಾರದ ಬೆನ್ನಿಗೆ ಅಮೆರಿಕವೇ ನಿಂತಿತ್ತು. ಹಾಗಾಗಿ ಅಲ್ಲಿಂದ ಓಡಿಬಂದವರನ್ನು ನಿರಾಶ್ರಿತರೆಂದು ಒಪ್ಪುವುದು ವಾಷಿಂಗ್ಟನ್ನಿಗೆ ಕಷ್ಟವಾಗಿತ್ತು. 1984ರಲ್ಲಿ ಈ ಎರಡು ದೇಶದವರ ಆಶ್ರಯದ ಅರ್ಜಿಗಳಲ್ಲಿ ನೂರಕ್ಕೆ ಮೂರೂ ಮಂಜೂರಾಗಲಿಲ್ಲ. ಸಭಾಪಾಲಕ ಜಾನ್ ಫೈಫ್ ಮತ್ತು ಕ್ವೇಕರ್ ಎಂಬ ಕ್ರೈಸ್ತ ಪಂಥದ ಜಿಮ್ ಕಾರ್ಬೆಟ್ (ನಮಗೆ ಗೊತ್ತಿರುವ ಹುಲಿಬೇಟೆಯ ಕಾರ್ಬೆಟ್ ಅಲ್ಲ, ಅರಿಜೋನಾದಲ್ಲಿ ಮೇಕೆ ಸಾಕುತ್ತಿದ್ದವರು) ಮೊದಲು ಕಾನೂನಿನ ದಾರಿಯನ್ನೇ ಹಿಡಿದರು. ಜಾಮೀನಿಗೆ ಹಣ ಕೂಡಿಸಿದರು, ಅರ್ಜಿ ಬರೆಸಿದರು. ಒಂದೊಂದೇ ಅರ್ಜಿ ತಿರಸ್ಕೃತವಾಗಿ ಹಿಂತಿರುಗಿತು. 1982ರ ಮಾರ್ಚ್ 24ರಂದು, ಪೂಜಾವೇದಿಕೆಯಲ್ಲೇ ಗುಂಡಿಗೆ ಬಲಿಯಾದ ಸಾಲ್ವಡಾರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೋ ಅವರ ಎರಡನೇ ಪುಣ್ಯತಿಥಿಯಂದು, ಆ ಚರ್ಚು ತಾನು ಆಶ್ರಯತಾಣವೆಂದು ಬಹಿರಂಗವಾಗಿ ಸಾರಿತು. ಕದ್ದುಮುಚ್ಚಿ ಮಾಡಲಿಲ್ಲ ಎಂಬುದೇ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸರ್ಕಾರ ಚರ್ಚಿನ ಕೂಟಗಳೊಳಕ್ಕೆ ಗುಪ್ತವಾಗಿ ಜನರನ್ನು ಬಿಟ್ಟು ಮಾತುಗಳನ್ನು ಧ್ವನಿಮುದ್ರಿಸಿತು. 1986ರಲ್ಲಿ ಫೈಫ್ ಸೇರಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು, ಆದರೆ ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಅಷ್ಟರಲ್ಲಿ ಚರ್ಚುಗಳೇ ಸರ್ಕಾರದ ಮೇಲೆ ದಾವೆ ಹೂಡಿದ್ದವು. 1991ರ ಆರಂಭದಲ್ಲಿ ಆ ದಾವೆ ರಾಜಿಯಲ್ಲಿ ಮುಗಿದು, ಲಕ್ಷಕ್ಕೂ ಹೆಚ್ಚು ಸಾಲ್ವಡಾರಿನವರಿಗೆ, ಗ್ವಾಟೆಮಾಲಾದವರಿಗೆ ಹೊಸದಾಗಿ ನ್ಯಾಯಯುತ ವಿಚಾರಣೆಯ ಹಕ್ಕು ಸಿಕ್ಕಿತು. ಅನ್ನ ಕೊಟ್ಟು ಸುಮ್ಮನಿದ್ದಿದ್ದರೆ ಆ ಲಕ್ಷ ಜನರ ಕಡತಗಳು ಮತ್ತೆ ತೆರೆಯುತ್ತಿದ್ದವೇ?

ಚರ್ಚು ಊಟ ಹಾಕಲಿ, ಕಾನೂನಿನ ತಂಟೆಗೆ ಹೋಗದಿರಲಿ ಎನ್ನುವವರಿದ್ದಾರೆ. ಊಟ ಹಾಕುವುದನ್ನೇ ಅಪರಾಧ ಮಾಡಹೊರಟ ಕಾಲವೂ ಬಂದಿತ್ತು. 2005ರ ಡಿಸೆಂಬರಿನಲ್ಲಿ ಅಮೆರಿಕದ ಕೆಳಮನೆ ಪಾಸು ಮಾಡಿದ ಮಸೂದೆಯ ಮಾತುಗಳು ಎಷ್ಟು ಸಡಿಲವಾಗಿದ್ದವೆಂದರೆ, ದಾಖಲೆಯಿಲ್ಲದವರಿಗೆ ನೆರವಾದವರೂ ಶಿಕ್ಷೆಗೆ ಗುರಿಯಾಗಬಹುದಿತ್ತು. ಲಾಸ್ ಏಂಜಲೀಸಿನ ಕಾರ್ಡಿನಲ್ ರೋಜರ್ ಮಹೋನಿ, ಅದು ಕಾನೂನಾದರೆ ಪಾಲಿಸಬೇಡಿರೆಂದು ತಮ್ಮ ಕೈಕೆಳಗಿನ ಪಾದ್ರಿಗಳಿಗೆ ಹೇಳುವೆನೆಂದರು. ಮೇಲ್ಮನೆಯಲ್ಲಿ ಅದು ಕಾನೂನಾಗದೆ ಬಿದ್ದುಹೋಯಿತು.

ಕನ್ನಡಿಗರಿಗೂ ಇದರ ಬಿಸಿ ತಟ್ಟುತ್ತದೆ. ಕ್ಯಾಥೊಲಿಕ್ ಬಿಷಪ್ಪರೂ ಇವ್ಯಾಂಜೆಲಿಕಲ್ (ಬೈಬಲಿಗೆ ಒತ್ತು ಕೊಡುವ ಪ್ರೊಟೆಸ್ಟಂಟ್ ಕ್ರೈಸ್ತರ) ನಾಯಕರೂ ಓಡಾಡಿದ, ವಲಸೆ ಕಾನೂನಿನ ಸಮಗ್ರ ಸುಧಾರಣೆಯ ಮಸೂದೆ 2013ರ ಜೂನ್‌ನಲ್ಲಿ ಮೇಲ್ಮನೆಯಾದ ಸೆನೆಟ್ಟಿನಲ್ಲಿ 68-32ರಿಂದ ಗೆದ್ದಿತ್ತು. ಉದ್ಯೋಗದ ಗ್ರೀನ್ ಕಾರ್ಡಿಗೆ (ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿಗೆ) ಇರುವ ದೇಶವಾರು ಮಿತಿಯನ್ನು ತೆಗೆಯುವ ಮಾತು ಅದರಲ್ಲೇ ಇತ್ತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ.

2025ರ ಜನವರಿಯಲ್ಲಿ ಚರ್ಚು, ಶಾಲೆ, ಆಸ್ಪತ್ರೆಗಳ ಬಳಿ ಬಂಧನ ಮಾಡಬಾರದೆಂಬ ಹಳೆಯ ಸೂಚನೆಯನ್ನು ಸರ್ಕಾರ ಹಿಂತೆಗೆದುಕೊಂಡಿತು. ಕ್ವೇಕರರು ಕೂಡಲೇ ಕೋರ್ಟಿಗೆ ಹೋದರು. ಆರಾಧನೆಗೆ ಬರುವವನು ಬಾಗಿಲಲ್ಲಿ ಪೊಲೀಸರಿದ್ದಾರೆಯೇ ಎಂದು ಇಣುಕಿ ನೋಡಬೇಕಾದಾಗ, ಅದು ರಾಜಕೀಯ, ನಮಗೇಕೆ ಎಂದು ಚರ್ಚು ಹೇಳುವುದಾದರೂ ಹೇಗೆ?

ವಿರೋಧ

ಹಸಿದವನಿಗೆ ಅನ್ನ, ಬಂಧನದಲ್ಲಿರುವವನಿಗೆ ವಕೀಲ, ಕೂಸಿಗೆ ಹೊದಿಕೆ: ಇಷ್ಟಕ್ಕೂ ನನ್ನ ಕೈ ಮುಂದಿದೆ, ಕಾಗದವಿದೆಯೇ ಎಂದು ನಾನು ಕೇಳುವುದಿಲ್ಲ. ನನ್ನ ತಕರಾರಿರುವುದು ಧರ್ಮಪೀಠದಿಂದ ಶಾಸನ ಬರೆಯುವುದರ ಬಗ್ಗೆ. ಪರದೇಶಿಯನ್ನು ಸ್ವದೇಶದವನಂತೆ ಕಾಣು ಎಂದು ಬೈಬಲಿನ ಯಾಜಕಕಾಂಡ ಹೇಳುತ್ತದೆ, ನಿಜ. ವರ್ಷಕ್ಕೆ ಎಷ್ಟು ವೀಸಾ, ಯಾರಿಗೆ ಮೊದಲು, ಗಡಿಯಲ್ಲಿ ಎಷ್ಟು ಕಾವಲು ಎಂಬುದನ್ನು ಅದು ಹೇಳುವುದಿಲ್ಲ. ಗಡಿ ಕಾಯುವ ಹಕ್ಕು ದೇಶಕ್ಕಿದೆಯೆಂದು ಅಮೆರಿಕ ಮತ್ತು ಮೆಕ್ಸಿಕೋದ ಬಿಷಪ್ಪರೇ 2003ರಲ್ಲಿ ಜಂಟಿಯಾಗಿ ಬರೆದಿದ್ದಾರೆ. ಆ ಹಕ್ಕನ್ನು ಹೇಗೆ ಚಲಾಯಿಸಬೇಕು ಎಂಬಲ್ಲಿ ಭಕ್ತರಲ್ಲೇ ಪ್ರಾಮಾಣಿಕ ಭಿನ್ನಮತವಿದೆ. 2024ರಲ್ಲಿ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಟ್ರಂಪ್‌ಗೆ ಓಟು ಹಾಕಿದರು. ಅವರ ನಾಯಕರು ವಾಷಿಂಗ್ಟನ್ನಿನಲ್ಲಿ ಸಭೆಯ ದನಿಯೆಂದು ಮಾತಾಡುವಾಗ, ಆ ದನಿ ಯಾರದು?

ರಾಜ್ಯಕ್ಕೆ ಅಧೀನರಾಗಿರಿ ಎಂಬ ಅಪೊಸ್ತಲ ಪೌಲನ ಬೈಬಲ್ ವಚನವನ್ನು 2018ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ತಮ್ಮ ಗಡಿನೀತಿಗೆ ಆಸರೆ ಮಾಡಿಕೊಂಡರು. ಮಕ್ಕಳನ್ನು ತಾಯಂದಿರಿಂದ ಬೇರೆ ಮಾಡಿದ ನೀತಿ ಅದು. ಅದು ವಚನದ ದುರ್ಬಳಕೆ. ಒಂದು ಪಕ್ಷ ಹೀಗೆ ವಚನ ಎತ್ತಿಕೊಂಡದ್ದು ತಪ್ಪಾದರೆ ಇನ್ನೊಂದು ಪಕ್ಷವೂ ಸ್ವಲ್ಪ ಅಳುಕಬೇಕು.

ಇನ್ನು ಫಲದ ಲೆಕ್ಕ. 1986ರ ವಲಸೆ ಕಾನೂನಿನಿಂದ ದಾಖಲೆಯಿಲ್ಲದ ಸುಮಾರು 27 ಲಕ್ಷ ಜನಕ್ಕೆ ಕ್ಷಮೆ ದೊರೆತು ದಾಖಲೆ ಸಿಕ್ಕಿತು. ಕಾಗದವಿಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ ದಂಡವೆಂದು ಅದೇ ಕಾನೂನು ಹೇಳಿದ್ದು ಮಾತ್ರ ಬಹುಪಾಲು ಹಾಳೆಯಲ್ಲೇ ಉಳಿಯಿತು. 2007ರ ಹೊತ್ತಿಗೆ ದಾಖಲೆಯಿಲ್ಲದವರು ಒಂದು ಕೋಟಿ ದಾಟಿದ್ದರು. ತಪ್ಪು ಚರ್ಚಿನದಲ್ಲ, ಗೊತ್ತು. ಆದರೂ ಮತ್ತೊಂದು ಕ್ಷಮೆ ಕೊಡಿ ಎನ್ನುವವರು ಹಿಂದಿನದರಿಂದ ಆದದ್ದಕ್ಕೆ ಉತ್ತರ ಹೇಳಬೇಕಲ್ಲವೇ?

ಆಶ್ರಯತಾಣದ ಮಾತೂ ಅಷ್ಟೇ. ಚರ್ಚಿನ ಗೋಡೆಗೆ ಕಾನೂನಿನ ಬಲವಿಲ್ಲ, ಇರುವುದು ಅಧಿಕಾರಿಗಳ ಮುಜುಗರದ ಬಲವಷ್ಟೇ. 2017ರ ನಂತರ ಹಾಗೆ ಒಳಹೊಕ್ಕ ಕೆಲವರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೊಸ್ತಿಲು ದಾಟಲಾಗದೆ ಉಳಿದರು. ಅದನ್ನು ಬಿಡುಗಡೆ ಎನ್ನಲು ನನಗೆ ಬಾಯಿ ಬಾರದು.

ಸಾಲಿನಲ್ಲಿ ನಿಂತವರ ನೋವನ್ನೂ ಹೇಳಬೇಕು. ಉದ್ಯೋಗದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ಸಾಮಾನ್ಯವಾಗಿ ಶೇಕಡಾ 7ರ ಮಿತಿ. ಬೆಂಗಳೂರಿನಿಂದ, ಮಂಗಳೂರಿನಿಂದ ಹೋಗಿ ತೆರಿಗೆ ಕಟ್ಟಿಕೊಂಡು ಹತ್ತಾರು ವರ್ಷ ಕಾಯುವ ಮನೆಗಳಿವೆ. ನಾಲ್ಕನೇ ವಯಸ್ಸಿಗೆ ಅಪ್ಪನ ವೀಸಾದ ಮೇಲೆ ಬಂದ ಹುಡುಗಿ 21 ತುಂಬಿದ ದಿನ ಅವಲಂಬಿತಳಾಗಿ ಉಳಿಯುವ ಹಕ್ಕು ಕಳೆದುಕೊಳ್ಳುತ್ತಾಳೆ. ಬೇರೆ ವೀಸಾ ಸಿಗದಿದ್ದರೆ ಅವಳು ನೆನಪಿಲ್ಲದ ಊರಿಗೆ ಮರಳಬೇಕು. ವಲಸಿಗರಿಗಾಗಿ ನಮ್ಮ ಸಭೆಯಲ್ಲಿ ಎಷ್ಟೋ ಭಾನುವಾರ ಪ್ರಾರ್ಥನೆ ನಡೆದಿದೆ. ಅವಳಂಥವರ ಮಾತು ಅದರಲ್ಲಿ ಒಮ್ಮೆಯೂ ನನ್ನ ಕಿವಿಗೆ ಬಿದ್ದಿಲ್ಲ.