ಫೋಟೊದ ಕೆಳಗೆ ಊರ ಹೆಸರು ಬರೆಯೋಣ

50 ರೂಪಾಯಿ ನೋಟಿನ ಹಿಂಬದಿಯಲ್ಲಿ ಕಾಣುವ ಹಂಪಿಯ ಕಲ್ಲಿನ ರಥದ ಮೇಲೆ ಹಿಂದೊಮ್ಮೆ ಇಟ್ಟಿಗೆಯ ಶಿಖರವಿತ್ತು. ಇವತ್ತು ಅದಿಲ್ಲ. ಇತ್ತೆಂದು ಅಷ್ಟು ಖಚಿತವಾಗಿ ಹೇಳಲು ಆಗುವುದು, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದಿದ್ದರಿಂದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆ ಚಿತ್ರಗಳನ್ನು ಮುಂದಿಟ್ಟುಕೊಂಡು, ಗ್ರೀನ್‌ಲಾ ಕ್ಯಾಮೆರಾ ಊರಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು, ಯಾವುದನ್ನು ತೆಗೆದರು, ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ನಮ್ಮ ನಿಮ್ಮಂಥವರ ಪ್ರವಾಸದ ಫೋಟೊಗಳಿಗೂ ಇಂಥ ಬೆಲೆ ಬರಬಹುದು ಎನ್ನುವುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಎಲ್ಲಿ, ಯಾವತ್ತು, ಯಾವ ಕಡೆಗೆ ಮುಖ ಮಾಡಿ ತೆಗೆದದ್ದು ಎಂಬ ಮೂರು ಮಾತು ಫೋಟೊದ ಜೊತೆಗಿರಬೇಕು. ಇದನ್ನು ನನಗೆ ಮನದಟ್ಟು ಮಾಡಿಸಿದ್ದು ನಾನೀಗ ಇರುವ ಇಂಗ್ಲೆಂಡಿನ ಹಳ್ಳಿಗಾಡು. ಆದರೆ ಇಲ್ಲಿನವರಿಗೆ ನಾವು ಕಲಿಸಬಹುದಾದ್ದೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಉತ್ತರ ಇಂಗ್ಲೆಂಡಿನ ಲೀಡ್ಸ್ ನಗರದಿಂದ ರೈಲು ಹತ್ತಿದರೆ ಯಾರ್ಕ್‌ಶೈರ್ ಡೇಲ್ಸ್ ಎಂಬ ಕಣಿವೆಗಳ ಸೀಮೆಯ ನಡುವೆ ಎಲ್ಲಾದರೂ ಇಳಿದು, ದಿನವಿಡೀ ನಡೆದು, ಇನ್ನೊಂದು ಸ್ಟೇಷನ್ನಿನಲ್ಲಿ ಹತ್ತಿ ವಾಪಸ್ ಬರಬಹುದು. ನಡೆಯುವ ದಾರಿ ಬಹುಪಾಲು ರೈತರ ಹೊಲ, ಹುಲ್ಲುಗಾವಲುಗಳ ಮಧ್ಯೆಯೇ ಹಾಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಸಾರ್ವಜನಿಕ ಹಾದಿಗಳು ಒಟ್ಟು ಸುಮಾರು 2,25,000 ಕಿಲೊಮೀಟರ್ ಇವೆ. ಜಮೀನು ಖಾಸಗಿಯದ್ದಾದರೂ ಹಾದಿಯಲ್ಲಿ ನಡೆಯುವುದು ಎಲ್ಲರ ಹಕ್ಕು. ಹಳದಿ ಬಾಣದ ಗುರುತು ಹಿಡಿದು ಹೋಗಬೇಕು, ನಾವು ತೆರೆದ ಗೇಟನ್ನು ಮತ್ತೆ ಮುಚ್ಚಬೇಕು, ಕುರಿಗಳನ್ನು ಬೆದರಿಸಬಾರದು. ಬೆಟ್ಟ, ಬಯಲುಗಳಲ್ಲಿ ಹಾದಿ ಬಿಟ್ಟು ಅಡ್ಡಾಡುವ ಹಕ್ಕು ಇದಕ್ಕಿಂತ ಹೊಸದು. ಅದಕ್ಕಾಗಿ 1932ರ ಏಪ್ರಿಲ್‌ನಲ್ಲಿ ನೂರಾರು ಮಂದಿ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಬೇಕೆಂದೇ ಅತಿಕ್ರಮಣ ಮಾಡಿ ಹತ್ತಿದರು, ಕೆಲವರು ಜೈಲಿಗೂ ಹೋದರು. ಬೆಟ್ಟ ಬಯಲುಗಳನ್ನು ತೆರೆದುಕೊಟ್ಟ ಕಾನೂನು ಬಂದದ್ದು 2000ದಲ್ಲಿ.

ಫೋಟೊ ತೆಗೆಯುವವನಿಗೆ ಇದರಿಂದ ಸಿಗುವ ದೊಡ್ಡ ಲಾಭವೆಂದರೆ, ಹಾದಿಯುದ್ದಕ್ಕೂ ಎಲ್ಲಿ ಬೇಕಾದರೂ ನಿಲ್ಲಬಹುದು. ರಿಬಲ್‌ಹೆಡ್‌ನ 24 ಕಮಾನುಗಳ ರೈಲು ಸೇತುವೆಯನ್ನು ನೋಡಲು ಬಂದವರು ಅದನ್ನು ತೆಗೆದೇ ತೆಗೆಯುತ್ತಾರೆ. ಆದರೆ ಅಲ್ಲಿಗೆ ನಡೆದು ಬರುವಾಗ ಸುಣ್ಣವಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗೋಡೆ, ಹುಲ್ಲು ತುಂಬಿಡುವ ಹಳೆಯ ಕೊಟ್ಟಿಗೆ, ತೊರೆ ದಾಟಲು ಹಾಸಿದ ಚಪ್ಪಡಿ, ದಾರಿ ತಪ್ಪಿದಂತೆ ಕಾಣುವ ಮೈಲಿಗಲ್ಲು, ಇವನ್ನೂ ನಿಂತು ತೆಗೆಯುತ್ತಾರೆ. ತೆಗೆದು ಸುಮ್ಮನಾಗುವುದಿಲ್ಲ. 2005ರಲ್ಲಿ ಶುರುವಾದ ಜಿಯೋಗ್ರಾಫ್ ಎಂಬ ಯೋಜನೆ ಬ್ರಿಟನ್ ಮತ್ತು ಐರ್ಲೆಂಡನ್ನು ಒಂದೊಂದು ಚದರ ಕಿಲೊಮೀಟರಿನ ಚೌಕಗಳಾಗಿ ಹಂಚಿಕೊಂಡು, ಪ್ರತಿ ಚೌಕದಿಂದಲೂ ಫೋಟೊ ಬೇಕೆಂದು ಜನಸಾಮಾನ್ಯರನ್ನು ಕೇಳಿತು. ಈಗ ಅಲ್ಲಿ 70 ಲಕ್ಷಕ್ಕೂ ಹೆಚ್ಚು ಚಿತ್ರಗಳಿವೆ, ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ. ಕೊಟ್ಟವರಲ್ಲಿ ನಿವೃತ್ತ ಮೇಷ್ಟ್ರು, ಅಂಚೆಯವರು, ಭಾನುವಾರ ನಾಯಿ ಕರೆದುಕೊಂಡು ಹೊರಟವರು ಎಲ್ಲರೂ ಇರಬಹುದು. ಒಂದು ಕೆಸರು ಗದ್ದೆ, ಒಂದು ಬಸ್ ನಿಲ್ದಾಣ, ಒಂದು ವಿದ್ಯುತ್ ಕಂಬ ಕೂಡ ಆ ಚೌಕದ ಪಾಲಿಗೆ ಚರಿತ್ರೆ. ಈ ಮರ್ಯಾದೆಯನ್ನು ನಾನು ತುಂಬಾ ಮೆಚ್ಚುತ್ತೇನೆ. ನೋಡಲು ಚೆಂದವಿಲ್ಲ ಎಂದು ಯಾವ ಜಾಗವನ್ನೂ ಇಲ್ಲಿ ಕೈಬಿಟ್ಟಿಲ್ಲ.

ನಮ್ಮಲ್ಲಿ ಹಾಗಿಲ್ಲ. ಬೆಂಗಳೂರಿನಿಂದ ಬೇಲೂರು, ಹಳೇಬೀಡಿಗೆ ಒಂದು ದಿನದ ಪ್ರವಾಸ ಹೊರಟರೆ ನೆಲಮಂಗಲ ದಾಟುವಷ್ಟರಲ್ಲಿ ಎಲ್ಲರೂ ನಿದ್ದೆಗೆ ಜಾರುತ್ತಾರೆ. ಎಚ್ಚರವಾಗುವುದು ತಿಂಡಿಗೆ, ಆಮೇಲೆ ಗುಡಿಯ ಮುಂದೆ. ನಡುವೆ ಕುಣಿಗಲ್‌ನ ದೊಡ್ಡ ಕೆರೆ ಇದೆ. ಚನ್ನರಾಯಪಟ್ಟಣದಿಂದ ಸ್ವಲ್ಪ ಒಳಗೆ ಹೋದರೆ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹನ ಗುಡಿ ಇದೆ. ರಸ್ತೆಯುದ್ದಕ್ಕೂ ಎಡಬಲದ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲು, ಕೆರೆ ತೂಬು, ಅರಳಿಕಟ್ಟೆ, ಗುಂಡುತೋಪು. ಅವುಗಳ ಎದುರಿಗೆ ಗಾಡಿ ನಿಲ್ಲುವುದಿಲ್ಲ. ಚೆನ್ನಕೇಶವನ ಗುಡಿಯ ಶಿಲಾಬಾಲಿಕೆಯರಿಗೆ ಲೆಕ್ಕವಿಲ್ಲದಷ್ಟು ಫೋಟೊಗಳಿವೆ. ಅದೇ ತಾಲ್ಲೂಕಿನ ಯಾವುದೋ ಕೆರೆ ಏರಿಯ ಮೇಲೆ ಅರ್ಧ ಹೂತ ವೀರಗಲ್ಲಿಗೆ ದಿನಾಂಕ ಇರುವ ಒಂದು ಚಿತ್ರವೂ ಇಲ್ಲದಿರಬಹುದು. ಆ ಕಲ್ಲನ್ನು ನಾಳೆ ರಸ್ತೆ ಕೆಲಸದವರು ಮಗುಚಿ ಹಾಕಿದರೆ ಅಲ್ಲೊಂದು ಕಲ್ಲಿತ್ತು ಎಂದು ಹೇಳುವವರು ಯಾರು?

ಇದು ಬರೀ ಆತಂಕದ ಮಾತಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನ ಸುಮಾರು 750ನೇ ಇಸವಿಯದು. ಅಷ್ಟು ದೊಡ್ಡ ನಗರದ ನಡುವೆ, ಅಷ್ಟು ಜನ ಓಡಾಡುವ ಕಡೆ ಅದು ಯಾರ ಗಮನಕ್ಕೂ ಬಾರದೆ ಇತ್ತು. ಇಷ್ಟು ವರ್ಷ ಮೊಬೈಲ್ ಹಿಡಿದು ಸುತ್ತಾಡಿದ ನಮ್ಮಲ್ಲಿ ಕಣ್ಣು ಹಾಯಿಸುವ ಅಭ್ಯಾಸ ಇದ್ದಿದ್ದರೆ ಇಂಥ ಇನ್ನೆಷ್ಟು ಕಲ್ಲುಗಳು ಇಷ್ಟರಲ್ಲಿ ದಾಖಲಾಗಿರುತ್ತಿದ್ದವೋ.

ಇದಕ್ಕೆ ಜನರನ್ನಷ್ಟೇ ದೂರುವುದು ಸರಿಯಲ್ಲ. ನಮ್ಮಲ್ಲಿ ನಡೆದು ನೋಡುವ ಹಾದಿಗಳ ನಕ್ಷೆ ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿ ಆರ್ಡ್ನೆನ್ಸ್ ಸರ್ವೆ ಎಂಬ ಸರ್ಕಾರಿ ನಕ್ಷೆ ಸಂಸ್ಥೆಯ ಕಿತ್ತಳೆ ರಟ್ಟಿನ ನಕ್ಷೆ ಬಿಡಿಸಿದರೆ ಪ್ರತಿ ಕಾಲುದಾರಿ, ಪ್ರತಿ ಗೋಡೆ, ಪ್ರತಿ ಒರತೆ ಕಾಣುತ್ತದೆ. ನಮಗೆ ಸಿಗುವುದು ವ್ಯೂ ಪಾಯಿಂಟ್‌ಗಳ ಪಟ್ಟಿ. ಹಾಗಾಗಿ ಎಲ್ಲರೂ ಒಂದೇ ಬಂಡೆಯ ಮೇಲೆ ಹತ್ತುತ್ತಾರೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಚಾರಣದ ಹಾದಿಯಲ್ಲಿ ಸಾವಿರಾರು ಜನ ಒತ್ತೊತ್ತಾಗಿ ನಿಂತಿದ್ದ ದೃಶ್ಯ ನೋಡಿ ನನಗೆ ಸಂಕಟವಾಯಿತು. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ ಇಷ್ಟೇ ಮಂದಿ ಎಂದು ಮಿತಿ ಹಾಕಿದ್ದು ಸರಿಯಾದ ಕೆಲಸ. ಶೋಲಾ ಕಾಡು, ಹುಲ್ಲುಗಾವಲು ಅಷ್ಟು ಕಾಲುಗಳನ್ನು ತಡೆಯಲಾರವು. ಅಲ್ಲಿ ಸೀಟು ಸಿಗದವರು ತಮ್ಮ ತಾಲ್ಲೂಕಿನ ಒಂದು ಕೆರೆಯ ಸುತ್ತ ನಡೆದು ಬರಲಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಕೋಡಿ ಎಲ್ಲಿದೆ, ತೂಬು ಯಾವ ಕಾಲದ್ದು, ಏರಿಯ ಮೇಲೆ ಯಾವ ಮರಗಳಿವೆ ಎಂದು ನೋಡಿ ತೆಗೆಯುವುದಕ್ಕೆ ಒಂದು ಇಡೀ ದಿನ ಬೇಕು.

ಬೆಳಕಿನ ವಿಷಯದಲ್ಲಿ ಮಾತ್ರ ಇಲ್ಲಿಯ ರೂಢಿ ಅಲ್ಲಿಗೆ ಒಗ್ಗುವುದಿಲ್ಲ. ಡಿಸೆಂಬರಿನಲ್ಲಿ ಉತ್ತರ ಇಂಗ್ಲೆಂಡಿನ ಸೂರ್ಯ ನಡು ಮಧ್ಯಾಹ್ನವೂ ದಿಗಂತದಿಂದ 13 ಡಿಗ್ರಿಗಿಂತ ಮೇಲೆ ಏರುವುದು ಕಷ್ಟ. ಕರ್ನಾಟಕದಲ್ಲಿ ಸೂರ್ಯ ಹುಟ್ಟಿ ಒಂದು ಗಂಟೆ ಆಗುವಷ್ಟರಲ್ಲಿ ಸುಮಾರು ಅಷ್ಟೇ ಎತ್ತರಕ್ಕೆ ಬಂದಿರುತ್ತಾನೆ. ಅಂದರೆ ನಮ್ಮಲ್ಲಿ ಬೆಳಗಿನ ಒಂದು ಗಂಟೆಯಲ್ಲಿ ಮುಗಿದುಹೋಗುವ ಓರೆ ಬೆಳಕು ಇಲ್ಲಿ ಚಳಿಗಾಲದ ಹಗಲಿಡೀ ಇರುತ್ತದೆ, ಮೋಡ ಕವಿಯದಿದ್ದರೆ. ಇಲ್ಲಿ ಹತ್ತು ಗಂಟೆಗೆ ನಿಧಾನಕ್ಕೆ ಹೊರಟರೂ ನಷ್ಟವಿಲ್ಲ. ಅಲ್ಲಿ ಹತ್ತು ಗಂಟೆಗೆ ತಲುಪಿದರೆ ಕಲ್ಲಿನ ಮೇಲಿನ ಗೆರೆಗಳೆಲ್ಲ ಮಾಸಿ ಕಾಣುತ್ತವೆ. ಸವೆದ ಶಾಸನದ ಅಕ್ಷರಗಳು ಎದ್ದು ಕಾಣಬೇಕಾದರೆ ಬೆಳಕು ಪಕ್ಕದಿಂದ ಸವರಿಕೊಂಡು ಬರಬೇಕು. ನೇರ ಬಿಸಿಲಿನಲ್ಲಿ ಅದೇ ಕಲ್ಲು ಸಪಾಟಾಗಿ ತೋರುತ್ತದೆ. ಕಲ್ಲಿನ ಫೋಟೊಗಳಿಗೆ ಬೆಳಗಿನ ಮತ್ತು ಸಂಜೆಯ ಓರೆ ಬೆಳಕನ್ನು ಇಟ್ಟುಕೊಂಡು, ನಡುವಿನ ಬಿಸಿಲಿನ ಹೊತ್ತನ್ನು ಮರದ ನೆರಳಿಗೆ, ಕಲ್ಯಾಣಿಯ ಒಳಮೆಟ್ಟಿಲುಗಳಿಗೆ, ಊರಿನವರ ಜೊತೆ ಮಾತಿಗೆ ಇಟ್ಟುಕೊಳ್ಳುವುದು ನಮ್ಮ ಸೀಮೆಗೆ ಸರಿಹೊಂದುವ ಕ್ರಮ.

ಆ ಮಾತಿನ ಹೊತ್ತಿನಲ್ಲೇ ನಮ್ಮ ರೀತಿ ಇಲ್ಲಿಯದಕ್ಕಿಂತ ಬಹಳ ಮುಂದಿದೆ. ಇಂಗ್ಲೆಂಡಿನ ಹಳ್ಳಿಗಾಡಿನ ಫೋಟೊಗಳನ್ನು ಸಾಲಾಗಿ ನೋಡುತ್ತಾ ಹೋದರೆ ಮನುಷ್ಯರೇ ಕಾಣುವುದಿಲ್ಲ. ಚೌಕಟ್ಟಿನೊಳಗೆ ಯಾರಾದರೂ ಬಂದರೆ ಅವರು ಹೋಗುವ ತನಕ ಕಾಯುತ್ತಾರೆ. ದಾರಿಯಲ್ಲಿ ಸಿಕ್ಕವರು ಹವೆಯ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಾರೆ. ಆ ಕೊಟ್ಟಿಗೆ ಯಾರದು, ಅದನ್ನು ಯಾಕೆ ಅಲ್ಲಿ ಕಟ್ಟಿದರು ಎಂದು ತಿಳಿಯಲು ಪುಸ್ತಕ ಹುಡುಕಬೇಕು. ನಮ್ಮಲ್ಲಿ ಕೆರೆ ಏರಿಯ ಮೇಲೆ ಕ್ಯಾಮೆರಾ ಹೊರತೆಗೆದ ಐದು ನಿಮಿಷಕ್ಕೆ ಯಾರಾದರೊಬ್ಬ ಅಜ್ಜ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. "ಯಾವೂರಪ್ಪಾ ನಿಮ್ದು? ಸರ್ವೆಯೋರಾ?" ಎಂಬಲ್ಲಿಂದ ಶುರು. ಅಲ್ಲ ಅಜ್ಜ, ಸುಮ್ನೆ ನೋಡೋಕೆ ಬಂದಿದ್ದು ಎಂದರೆ ಸಾಕು, ಆ ಕಲ್ಲಿಗೆ ಊರವರು ಏನೆಂದು ಕರೆಯುತ್ತಾರೆ, ಯಾವ ಹಬ್ಬಕ್ಕೆ ಎಣ್ಣೆ ಹಚ್ಚುತ್ತಾರೆ, ಯಾವ ವರ್ಷ ಕೆರೆ ಕೋಡಿ ಬಿದ್ದಾಗ ನೀರು ಎಲ್ಲಿಯ ತನಕ ಬಂದಿತ್ತು, ಎಲ್ಲವೂ ಬರುತ್ತದೆ. ಇಷ್ಟು ಉದಾರವಾಗಿ ಸಿಗುವ ಮಾಹಿತಿಯನ್ನು ನಾವು ಕಿವಿಯಲ್ಲಿ ಕೇಳಿ ಅಲ್ಲೇ ಬಿಟ್ಟು ಬರುತ್ತೇವೆ. ಅದನ್ನೂ ಫೋಟೊದ ಜೊತೆ ಬರೆದಿಟ್ಟರೆ ಜಿಯೋಗ್ರಾಫ್‌ನಲ್ಲಿ ಇಲ್ಲದ್ದು ನಮ್ಮಲ್ಲಿ ಇರುತ್ತದೆ. ಅಜ್ಜನನ್ನು ಕೇಳಿ, ಅವನು ಒಪ್ಪಿದರೆ, ಅವನನ್ನೂ ಆ ಕಲ್ಲಿನ ಪಕ್ಕ ನಿಲ್ಲಿಸಿಯೇ ತೆಗೆಯಿರಿ. ಕಲ್ಲಿನ ಎತ್ತರವೂ ತಿಳಿಯುತ್ತದೆ, ಆ ಕಲ್ಲನ್ನು ಕಾಯ್ದವರ ಮುಖವೂ ಉಳಿಯುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲೇ, ಮನೆಗಳ ನೆತ್ತಿಯ ಮೇಲೆ. ಅಲ್ಲಿಗೆ ಉದ್ದನೆಯ ಲೆನ್ಸ್ ಹೊತ್ತು ಹೋಗುವವರು ಹಕ್ಕಿಯನ್ನಷ್ಟೇ ಕತ್ತರಿಸಿಕೊಂಡು, ಹಿಂದೆ ನೀಲಿ ಆಕಾಶ ಬಿಟ್ಟು ತೆಗೆದು ತರುತ್ತಾರೆ. ಅಂಥ ಚಿತ್ರ ಯಾವ ದೇಶದಲ್ಲಿ ತೆಗೆದದ್ದೂ ಆಗಬಹುದು. ಹೆಂಚಿನ ಮನೆ, ಅಂಗಳ, ಅದರ ಮೇಲೆ ಮರ, ಮರದಲ್ಲಿ ಗೂಡು, ಕೆಳಗೆ ತನ್ನ ಕೆಲಸ ಮಾಡಿಕೊಂಡಿರುವ ಹೆಂಗಸು ಒಂದೇ ಚೌಕಟ್ಟಿನಲ್ಲಿ ಸಿಗುವುದು ಕೊಕ್ಕರೆ ಬೆಳ್ಳೂರಿನಂಥ ಊರುಗಳಲ್ಲಿ ಮಾತ್ರ.

ಜಾಗದ ಹೆಸರು ಬರೆಯಬಾರದ ಸಂದರ್ಭಗಳೂ ಇವೆ ಎನ್ನುವುದನ್ನು ನಾನು ಕಲಿತದ್ದು ಇದೇ ಡೇಲ್ಸ್‌ನಿಂದ. ಲೇಡೀಸ್ ಸ್ಲಿಪ್ಪರ್ ಎಂಬ ಹಳದಿ ಆರ್ಕಿಡ್ ಬ್ರಿಟನ್ನಿನಲ್ಲಿ ಅಳಿದೇ ಹೋಯಿತು ಎಂದುಕೊಂಡಿದ್ದಾಗ 1930ರಲ್ಲಿ ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಕಂಡವರು ಆ ಜಾಗವನ್ನು ದಶಕಗಳ ಕಾಲ ಗುಟ್ಟಾಗಿಟ್ಟು ಕಾದರು. ಮೀಂಚುಳ್ಳಿ, ಕಣಜ ಗೂಬೆಯಂಥ ಹಕ್ಕಿಗಳನ್ನು ಗೂಡಿನ ಬಳಿ ಕೆಣಕುವುದು ಇಲ್ಲಿ 1981ರ ಕಾನೂನಿನಂತೆ ಅಪರಾಧ. ಫೋಟೊಗಾಗಿ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಪಶ್ಚಿಮ ಘಟ್ಟದ ಆರ್ಕಿಡ್, ಹಾವು, ಗೂಡುಗಳ ಫೋಟೊ ಹಾಕುವಾಗ ಮೊಬೈಲಿನ ಲೊಕೇಷನ್ ಆಫ್ ಮಾಡಿ, ಜಿಲ್ಲೆಯ ಹೆಸರಿನಷ್ಟಕ್ಕೇ ನಿಲ್ಲಿಸುವುದು ಲೇಸು. ಕಲ್ಲಿಗೂ ಕೆರೆಗೂ ಪೂರ್ತಿ ವಿಳಾಸ ಬೇಕು, ಜೀವಿಗಳಿಗೆ ಬೇಡ.

2023ರ ಸೆಪ್ಟೆಂಬರಿನಲ್ಲಿ ಉತ್ತರ ಇಂಗ್ಲೆಂಡಿನ, ರೋಮನ್ನರ ಕಾಲದ ಹೇಡ್ರಿಯನ್ ಗೋಡೆಯ ಪಕ್ಕದ ಸಿಕಮೋರ್ ಗ್ಯಾಪ್ ಮರವನ್ನು ಇಬ್ಬರು ರಾತ್ರೋರಾತ್ರಿ ಕಡಿದುರುಳಿಸಿದಾಗ ಇಡೀ ದೇಶ ದುಃಖಪಟ್ಟಿತು. ಮಂಜಿನಲ್ಲಿ, ಹಿಮದಲ್ಲಿ, ನಕ್ಷತ್ರಗಳ ಕೆಳಗೆ ತೆಗೆದ ಅದರ ಫೋಟೊಗಳು ಮನೆಮನೆಯಲ್ಲಿದ್ದವು. ನಮ್ಮ ರಸ್ತೆ ಬದಿಯ ಆಲ, ಹುಣಸೆ, ಹೊಂಗೆ ಸಾಲುಗಳು ರಸ್ತೆ ಅಗಲವಾಗುವಾಗ ಒಂದೇ ವಾರದಲ್ಲಿ ಕಾಣೆಯಾಗುತ್ತವೆ, ಅವುಗಳ ನೆನಪಿಗೆ ಚಿತ್ರವೂ ಇರುವುದಿಲ್ಲ. ನೀವು ದಿನಾ ಓಡಾಡುವ ರಸ್ತೆಯ ಸಾಲುಮರಗಳನ್ನು ಈ ವರ್ಷವೇ ತೆಗೆದಿಡಿ. ಕೆರೆಯ ಹೂಳೆತ್ತುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಅದೇ ಜಾಗದಿಂದ ತೆಗೆಯಿರಿ. ಗುಡಿಗೆ ಹೊಸ ಬಣ್ಣ, ಟೈಲ್ಸ್ ಹಾಕುವ ಸುದ್ದಿ ಬಂದರೆ ಆ ಭಾನುವಾರವೇ ಹೋಗಿ ಬನ್ನಿ.

ಇಡುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೈಯಳತೆಯಲ್ಲೇ ಇದೆ. ವಿಕಿಮೀಡಿಯಾ ಕಾಮನ್ಸ್ ಎಂಬ ಆನ್‌ಲೈನ್ ಚಿತ್ರಭಂಡಾರದಲ್ಲಿ ಯಾರು ಬೇಕಾದರೂ ತಮ್ಮ ಫೋಟೊ ಏರಿಸಬಹುದು, ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು, ತೆಗೆದವರ ಹೆಸರು ಅದರ ಜೊತೆಗೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದು ಗಾತ್ರ ಕುಗ್ಗಿ, ದಿನಾಂಕ ಮತ್ತು ಸ್ಥಳದ ವಿವರ ಕಳೆದುಕೊಂಡು ಬರುತ್ತದೆ. ಆದ್ದರಿಂದ ಮೂಲ ಫೈಲನ್ನೇ ಏರಿಸಿ. ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ದಿನಾಂಕ, ಯಾವ ದಿಕ್ಕಿಗೆ ನೋಡುತ್ತಾ ತೆಗೆದದ್ದು, ಆ ಊರಿನವರು ಅದನ್ನು ಕರೆಯುವ ಹೆಸರು, ಇಷ್ಟನ್ನು ಕೆಳಗೆ ಬರೆಯಿರಿ.